ಮೈಗಿಂತ ಎರಡಿಂಚು ಕಡಿಮೆ

ನಮ್ಮ ಕಡೆ ಬ್ಲೌಸ್ ಹೊಲಿಸಲು ಹೋದಾಗ ಎದುರಿಗೆ ನಿಂತ ಮೈಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಟೈಲರ್ ಕೇಳುವುದು ಅಳತೆ ಬ್ಲೌಸನ್ನು. ನಾವೂ ಇರುವುದರಲ್ಲಿ ಚೆನ್ನಾಗಿ ಕೂತದ್ದನ್ನೇ ಹುಡುಕಿ ಒಯ್ಯುತ್ತೇವೆ. ಅದು ಯಾರದೋ ಮದುವೆಗೆಂದು ಹೊಲಿಸಿದ್ದು; ಆ ಮದುವೆಯ ಮಕ್ಕಳು ಈಗ ಹೈಸ್ಕೂಲಿನಲ್ಲಿರುತ್ತಾರೆ. ಈ ಸಂಗತಿ ನಮಗೂ ಗೊತ್ತು, ಟೈಲರಿಗೂ ಗೊತ್ತು. ಅದಕ್ಕೇ "ಒಳಗೆ ಸ್ವಲ್ಪ ಮಾರ್ಜಿನ್ ಬಿಡಿ" ಎಂದು ನಾವು ಮೆಲ್ಲಗೆ ಹೇಳುತ್ತೇವೆ. "ಬಿಟ್ಟೇ ಇರ್ತೀನಿ" ಎಂದು ಅವರು ಇನ್ನೂ ಮೆಲ್ಲಗೆ ಹೇಳುತ್ತಾರೆ.

ಹೀಗೆ ಎಲ್ಲವೂ ಸರಾಗವಾಗಿರುವಾಗ ಅಮೆರಿಕದಿಂದ ರಜೆಗೆ ಬಂದ ಅಕ್ಕನ ಮಗಳು ಒಂದು ಲಕೋಟೆ ತಂದಳು. ಮೇಲೆ ಮೈಗಂಟಿದ ಫ್ರಾಕ್ ತೊಟ್ಟವಳ ಚಿತ್ರ, ಒಳಗೆ ಬಿಚ್ಚಿದಷ್ಟೂ ಬಿಚ್ಚಿಕೊಳ್ಳುವ ತೆಳು ಕಾಗದ. "ಪ್ಯಾಟರ್ನ್, ಚಿಕ್ಕಮ್ಮ. ಗೆರೆ ಮೇಲೆ ಕತ್ತರಿಸಿದ್ರೆ ಆಯ್ತು. ಅಳತೆ ಬ್ಲೌಸೂ ಬೇಡ, ಟೈಲರೂ ಬೇಡ."

ಟೈಲರ್ ಬೇಡ ಎಂದು ಹೇಳುವ ಈ ವಸ್ತುವನ್ನು ಊರೂರಿಗೆ ಮುಟ್ಟಿಸಿದವನು ಒಬ್ಬ ಟೈಲರೇ. ಮೆಸಾಚುಸೆಟ್ಸ್‌ನ ಸ್ಟರ್ಲಿಂಗ್ ಎಂಬ ಊರಿನ ಎಬೆನೀಜರ್ ಬಟರಿಕ್ 1863ರಲ್ಲಿ, ಒಂದೇ ಉಡುಪಿನ ಕಟಿಂಗನ್ನು ಬೇರೆ ಬೇರೆ ಸೈಜುಗಳಲ್ಲಿ ಕಾಗದಕ್ಕಿಳಿಸಿ ಮಾರತೊಡಗಿದ. ಮೊದಲು ಗಂಡಸರು, ಹುಡುಗರು. ಹೆಂಗಸರ ಸರದಿ ಬಂದದ್ದು 1866ರಲ್ಲಿ. ಕಾಗದ ತೆಳುವಾದ್ದರಿಂದ ಮಡಿಸಿ ಅಂಚೆಗೆ ಹಾಕಬಹುದಿತ್ತು.

ಆದರೆ ಕಾಗದಕ್ಕೂ ಯಾರದಾದರೂ ಅಳತೆ ಬೇಕಲ್ಲ? ಅದಕ್ಕೆ ಪ್ಯಾಟರ್ನಿನವರು ಒಬ್ಬ ಹೆಂಗಸನ್ನು ಕಲ್ಪಿಸಿಕೊಂಡಿದ್ದಾರೆ. ಎತ್ತರ ಐದಡಿ ಐದಾರು ಇಂಚು. ಎದೆ 36 ಆದರೆ ಸೊಂಟ 28, ಹಿಪ್ 38. ಹಬ್ಬದ ಮಾರನೇ ದಿನವೂ ಅವಳ ಸೊಂಟ 28ರಲ್ಲೇ ಇರುತ್ತದೆ. ಈ ಅಳತೆಗೆ ಅವರಿಟ್ಟ ಸೈಜು 14. ಅಂಗಡಿಯಲ್ಲಿ 8ರ ಡ್ರೆಸ್ ಕೊಳ್ಳುವ ನಮ್ಮ ಹುಡುಗಿಗೆ ಇದನ್ನು ಓದಿ ಆ ದಿನದ ಊಟ ಸೇರಲಿಲ್ಲ. ರೆಡಿಮೇಡಿನವರು ಗಿರಾಕಿಯ ಮನಸ್ಸು ನೋಯಬಾರದೆಂದು ಕಾಲಕಾಲಕ್ಕೆ ನಂಬರು ಇಳಿಸುತ್ತ ಬಂದರು. ಪ್ಯಾಟರ್ನಿನವರು ಹಳೇ ಕಾಲದ ಲೆಕ್ಕದ ಮೇಷ್ಟರ ಹಾಗೆ, ದಾಕ್ಷಿಣ್ಯಕ್ಕೆ ಅಷ್ಟು ಸುಲಭವಾಗಿ ಬಾಗಲಿಲ್ಲ.

ಇನ್ನು ಬಟ್ಟೆ. ಹುಡುಗಿ ಕೊಂಡು ತಂದದ್ದನ್ನು ಅಮ್ಮ ಎರಡು ಬೆರಳಲ್ಲಿ ಎಳೆದು ನೋಡಿ, "ಇದು ಬನಿಯನ್ ಬಟ್ಟೆ ಅಲ್ವೇನೇ?" ಎಂದರು. ಮಾತು ನಿಜ. ಮಗ್ಗದ ಬಟ್ಟೆಯಲ್ಲಿ ಹಾಸುಹೊಕ್ಕಿನ ಎಳೆಗಳು ಒಂದನ್ನೊಂದು ದಾಟಿ ಬಿಗಿಯಾಗಿ ಕೂರುತ್ತವೆ. ಇಲ್ಲಿ ನೂಲು ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. ಎಳೆದರೆ ಅಗಲವಾಗುತ್ತದೆ, ಬಿಟ್ಟರೆ ಮರಳುತ್ತದೆ. ಪ್ಯಾರಿಸ್‌ನಲ್ಲೂ ಇದು ಗಂಡಸರ ಒಳಉಡುಪಿನ ಬಟ್ಟೆಯೇ ಆಗಿತ್ತು. 1916ರ ಸುಮಾರಿಗೆ ಕೊಕೊ ಶನೆಲ್ ಅದರಲ್ಲಿ ಶ್ರೀಮಂತ ಹೆಂಗಸರಿಗೆ ಉಡುಪು ಹೊಲಿಸಿ ಮೇಲಕ್ಕೆ ತಂದಳು. ಅಮ್ಮನಿಗೆ ಈ ಚರಿತ್ರೆ ಹೇಳಿದೆ. "ಅವಳ ಮನೇಲಿ ಹೇಳೋರು ಕೇಳೋರು ಇರಲಿಲ್ವೇನೋ" ಎಂದರು.

ಲಕೋಟೆಯ ಬೆನ್ನಿಗೆ ಒಂದು ಅಳತೆಗೆರೆ ಅಚ್ಚಾಗಿತ್ತು. ಬಟ್ಟೆಯನ್ನು ಅಡ್ಡಕ್ಕೆ ಮಡಿಸಿ ಹಿಡಿದು ಎಳೆದರೆ ನಾಲ್ಕಿಂಚು ಐದಿಂಚಿನವರೆಗೆ ಸಲೀಸಾಗಿ ಹಿಗ್ಗಬೇಕು. ಅಷ್ಟು ಹಿಗ್ಗಿದರೆ ಡಾರ್ಟ್ ಬೇಡ, ಜಿಪ್ ಬೇಡ. ಎದೆ 36 ಇದ್ದವಳಿಗೆ ಫ್ರಾಕನ್ನು 34ಕ್ಕೇ ಹೊಲಿಯಬಹುದು. ನನಗೆ ಬಲು ಹಿಡಿಸಿದ್ದು ಇದು. ಅಳತೆ ಬ್ಲೌಸಿನಲ್ಲಿರುವವಳು ಹಿಂದಿನ ನಾನು, ಪ್ಯಾಟರ್ನಿನಲ್ಲಿರುವವಳು ಎಲ್ಲೂ ಹುಟ್ಟದವಳು. ಈ ಹೊತ್ತಿನ ಮೈ ಹೇಗಿದೆ ಎಂದು ವಿಚಾರಿಸುವುದು ಬನಿಯನ್ ಬಟ್ಟೆಯೊಂದೇ.

ಮನೆಯ ಕಾಲುಮಿಷನ್ನಿಗೆ ನೇರ ಹೊಲಿಗೆ ಬಿಟ್ಟು ಬೇರೆ ಗೊತ್ತಿಲ್ಲ. ನೇರ ಹೊಲಿಗೆ ಹಾಕಿದರೆ ಬಟ್ಟೆ ಹಿಗ್ಗಿದಾಗ ದಾರ ಪಟ್ಟನೆ ಕಡಿಯುತ್ತದೆ. ಜಿಗ್‌ಜಾಗ್ ಬೇಕು, ಇಲ್ಲವೇ ಓವರ್‌ಲಾಕ್. ಸೂಜಿಯೂ ಬೇರೆ: ಚೂಪು ಮೊನೆ ಕುಣಿಕೆಯ ನೂಲನ್ನೇ ಕತ್ತರಿಸೀತು, ಗುಂಡು ಮೊನೆಯಾದರೆ ನೂಲನ್ನು ಪಕ್ಕಕ್ಕೆ ಸರಿಸಿ ಇಳಿಯುತ್ತದೆ. ಅಂತೂ ಟೈಲರ್ ಬೇಡವೆಂದವಳು ಲಕೋಟೆ ಹಿಡಿದು ನಮ್ಮ ಬೀದಿಯ ಟೈಲರಮ್ಮನ ಅಂಗಡಿ ಮೆಟ್ಟಿಲು ಹತ್ತಿದಳು.

ಟೈಲರಮ್ಮ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಭುಜ ಜೋಲದಂತೆ ಒಳಗೊಂದು ಪಟ್ಟಿ ಸೇರಿಸಿದರು. ಬಟ್ಟೆಯನ್ನು ಕೈಯಲ್ಲಿ ಎಳೆಯದೆ, ಅದು ಹೋದ ಹಾಗೆ ಬಿಟ್ಟು ಹೊಲಿದರು. ಎಳೆದರೆ ಅಂಚು ಹಪ್ಪಳದ ಹಾಗೆ ಏಳುತ್ತದಂತೆ. ಫ್ರಾಕು ಚೆನ್ನಾಗಿಯೇ ಕೂತಿತು.

ಕೂಲಿ ಮಾತ್ರ ಲೈನಿಂಗ್ ಬ್ಲೌಸಿಗಿಂತ ಜಾಸ್ತಿ. "ಹುಕ್ಕಿಲ್ಲ, ಡಾರ್ಟಿಲ್ಲ, ಕೈಹೆಮ್ಮಿಂಗ್ ಇಲ್ಲ, ಇಷ್ಟ್ಯಾಕ್ರೀ?" ಎಂದೆ.

"ಬ್ಲೌಸಾದ್ರೆ ಎರಡು ವರ್ಷಕ್ಕೆ ಬಿಚ್ಚಿಸೋಕೆ ಬರ್ತೀರಲ್ಲಕ್ಕಾ. ಇದು ತಾನೇ ಹಿಗ್ಗುತ್ತೆ, ನೀವು ಬರಲ್ಲ. ಅದನ್ನೂ ಈಗ್ಲೇ ಸೇರಿಸಿದ್ದೀನಿ."