ಗೋಡೆಮರೆ ಚಿಕಿತ್ಸಾ ಪದ್ಧತಿ: ಶೂಟರ್ ಆಟಗಳ ವೈದ್ಯಶಾಸ್ತ್ರಕ್ಕೊಂದು ವ್ಯಾಖ್ಯಾನ

ಗುಂಡೇಟು ತಿಂದವನು ವಾಸಿಯಾಗುವುದು ಹೇಗೆ? ಇದನ್ನು ಕಲಿಸಲು ವೈದ್ಯಕೀಯ ಕಾಲೇಜುಗಳು ಐದೂವರೆ ವರ್ಷ ತೆಗೆದುಕೊಳ್ಳುತ್ತವೆ. ಬಂದೂಕು ಹಿಡಿದ ಕೈ ಬಿಟ್ಟರೆ ಮೈಯೇ ಕಾಣದ ಕಂಪ್ಯೂಟರ್ ವೀರರು ಅದೇ ಪ್ರಶ್ನೆಗೆ ಕಾಲು ಶತಮಾನದೊಳಗೆ ಹಲವು ಉತ್ತರ ಕೊಟ್ಟಿದ್ದಾರೆ. ಈ ಆಟಗಳ ಚರಿತ್ರೆ ಹೇಳುವವರೆಲ್ಲ ಬಂದೂಕಿನ ಬೆನ್ನು ಹತ್ತಿದರು, ಮದ್ದನ್ನು ಮರೆತರು ಎಂಬುದು ಪ್ರಸ್ತುತ ಸಂಶೋಧಕನ ಕೊರಗು.

ಮೊದಲನೆಯದು ಅನ್ನಯುಗ. 1992ರ ವುಲ್ಫೆನ್‌ಸ್ಟೈನ್ 3ಡಿಯಲ್ಲಿ ನಾತ್ಸಿ ಕೋಟೆಯಿಂದ ತಪ್ಪಿಸಿಕೊಳ್ಳುವ ನಾಯಕನಿಗೆ ಚಿಕಿತ್ಸೆಯ ಪೆಟ್ಟಿಗೆ ಸಿಕ್ಕರೆ ನೂರಕ್ಕೆ 25 ಅಂಶ ಆರೋಗ್ಯ, ಕೋಳಿಯೂಟ ಸಿಕ್ಕರೆ 10, ನಾಯಿಯ ಬಟ್ಟಲಿನದನ್ನು ತಿಂದರೆ 4. ಬಟ್ಟಲಿನ ಒಡೆಯನನ್ನು ಅವನೇ ತುಸು ಮುಂಚೆ ಸುಟ್ಟಿರುತ್ತಾನಾದ್ದರಿಂದ ಇದು ಊಟವೋ ತಿಥಿಯೋ ಎಂಬಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಆರೋಗ್ಯ 10ಕ್ಕೆ ಇಳಿದರೆ ನೆಲದ ರಕ್ತದಿಂದಲೂ 1 ಅಂಶ ದಕ್ಕುತ್ತದೆ. ಮಡಿವಂತ ವ್ಯಾಖ್ಯಾನಕಾರರು ಈ ಭಾಗ ಬಂದಾಗ ಎರಡು ಪುಟ ಒಟ್ಟಿಗೆ ಮಗುಚುತ್ತಾರೆ.

ಮರುವರ್ಷದ ಡೂಮ್ ಅಡುಗೆಮನೆ ಮುಚ್ಚಿ ಔಷಧದಂಗಡಿ ತೆರೆಯಿತು. ಪೆಟ್ಟಿಗೆ ಬಿಚ್ಚಬೇಕಿಲ್ಲ, ತುಳಿದರೆ ಸಾಕು, 25 ಅಂಶ. ಇಲ್ಲೊಂದು ಪಾಠಕ್ಲೇಶವಿದೆ. ಆರೋಗ್ಯ 25ಕ್ಕಿಂತ ಕಡಿಮೆ ಇರುವವನು ಪೆಟ್ಟಿಗೆ ತುಳಿದರೆ, ಅದು ಅವನಿಗೆ ನಿಜಕ್ಕೂ ಬೇಕಿತ್ತು ಎಂಬರ್ಥದ ಸಂದೇಶ ತೋರಿಸಬೇಕೆಂದು ಕರ್ತೃಗಳು ಬರೆದಿಟ್ಟಿದ್ದರು. ಆದರೆ ಮೂಲ ಆಟವು ಮೊದಲು 25 ಕೂಡಿಸಿ, ಆಮೇಲೆ 25ಕ್ಕಿಂತ ಕಡಿಮೆ ಇದೆಯೇ ಎಂದು ನೋಡುತ್ತದೆ. ಮಾತ್ರೆ ನುಂಗಿಸಿ ಜ್ವರ ಅಳೆಯುವ ವೈದ್ಯರಂತೆ. ಹೀಗಾಗಿ ಆ ಸಾಲು ಯಾರ ಕಣ್ಣಿಗೂ ಬೀಳಲಿಲ್ಲ. ತಾಳೆಗರಿಗೆ ಗೆದ್ದಲು ಮಾಡಿದ್ದನ್ನು ಇಲ್ಲಿ ಎರಡು ಸಾಲುಗಳ ಅದಲುಬದಲು ಮಾಡಿದೆ.

1998ರ ಹಾಫ್-ಲೈಫ್‌ನಲ್ಲಿ ಮದ್ದು ಗೋಡೆ ಏರಿತು. ನಾಯಕ ಭೌತಶಾಸ್ತ್ರದ ಡಾಕ್ಟರು, ಮದ್ದಿನ ಡಾಕ್ಟರಲ್ಲ; ಗೋಡೆಯ ಯಂತ್ರಕ್ಕೆ ಅಂಟಿ ನಿಂತು ಚೇತರಿಸಿಕೊಳ್ಳುತ್ತಾನೆ. ಮುಂದೆ ಯಂತ್ರ ಹೋಗಿ ಗೋಡೆ ಮಾತ್ರ ಉಳಿಯಿತು. 2001ರ ಹೇಲೋದಲ್ಲಿ ಕವಚ ತಾನಾಗಿ ತುಂಬಿಕೊಂಡರೆ, 2005ರ ಕಾಲ್ ಆಫ್ ಡ್ಯೂಟಿ 2ರಲ್ಲಿ ಪೆಟ್ಟಿಗೆಯೇ ಇಲ್ಲ. ಎರಡನೇ ಮಹಾಯುದ್ಧದ ಸಿಪಾಯಿ ಗೋಡೆಮರೆಗೆ ಸರಿದು ಏದುಸಿರು ಬಿಟ್ಟರೆ ಪರದೆಯ ಕೆಂಪು ಇಳಿಯುತ್ತದೆ, ಗುಂಡೇಟು ಮಾಯ. ಆಟ ಕಟ್ಟುವವರಿಗೂ ಸುಖ: ಆಟಗಾರ ಮೂರೇ ಅಂಶ ಆರೋಗ್ಯದಲ್ಲಿ ನಡುದಾರಿಯಲ್ಲಿ ಸಿಕ್ಕಿಬಿದ್ದಾನೆಂಬ ಚಿಂತೆಯಿಲ್ಲ.

ಪೂರ್ವಪಕ್ಷ: ಗುಣಪಡಿಸುವುದು ಗೋಡೆಯೇ. ಸಿದ್ಧಾಂತ: ಅಲ್ಲ, ಗುಂಡು ತಾಗದಿದ್ದರೆ ಬಯಲಲ್ಲಿ ನಿಂತರೂ ಗುಣವಾಗುತ್ತದೆ, ಗೋಡೆ ಬರೀ ನಿಮಿತ್ತ. ಸಂಶೋಧಕ ಬೆನ್ನುನೋವಿಗೆ ಇದನ್ನು ಪ್ರಯೋಗಿಸಿದಾಗ ಅಂಗಿಗೆ ಸುಣ್ಣ ಹತ್ತಿತು. ನೋವು ಕದಲಲಿಲ್ಲ.

ಪಾಷಂಡ ಮತಗಳೂ ಇದ್ದವು. ಕೌಂಟರ್-ಸ್ಟ್ರೈಕ್‌ನದು ವೈರಾಗ್ಯ, ಒಂದು ಸುತ್ತಿನಲ್ಲಿ ಕಳೆದುಕೊಂಡದ್ದು ಆ ಸುತ್ತಿನಲ್ಲಿ ಮರಳದು. ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟವರು ಸತ್ತು, ಗೆಳೆಯರು ಬದುಕಿರುವುದನ್ನು ನೋಡುತ್ತ ಕೂತಿರುತ್ತಿದ್ದರು. 2008ರ ಫಾರ್ ಕ್ರೈ 2 ಇನ್ನೂ ನಿಷ್ಠುರ: ಇಕ್ಕಳ ಹಾಕಿ ಗುಂಡು ಕೀಳಬೇಕು, ಜೊತೆಗೆ ಮಲೇರಿಯಾಕ್ಕೆ ಮಾತ್ರೆ.

ಕೊನೆಗೆ 2016ರ ಹೊಸ ಡೂಮ್. ಗೋಡೆಮರೆ ಇಲ್ಲಿ ನಿಷ್ಫಲ. ತತ್ತರಿಸುತ್ತಿರುವ ರಾಕ್ಷಸನ ಮೇಲೆ ಬಿದ್ದು ಕೈಯಾರೆ ಕಿತ್ತರೆ ಆರೋಗ್ಯ ಅವನ ಮೈಯಿಂದಲೇ ಉದುರುತ್ತದೆ. ವುಲ್ಫೆನ್‌ಸ್ಟೈನ್ ಮಾಡಿದ ಇಡ್ ಸಾಫ್ಟ್‌ವೇರ್ 24 ವರ್ಷ ಸುತ್ತಾಡಿ, ಮಡಿವಂತರು ಮಗುಚಿದ ಆ ಪುಟಕ್ಕೇ ಬಂದು ಕೂತಿತು. ಈ ಮಹತ್ವದ ಶೋಧವನ್ನು ಮನೆಯಲ್ಲಿ ವಿವರಿಸಿ ಮುಗಿಸುವಷ್ಟರಲ್ಲಿ ತಟ್ಟೆಯ ಮುದ್ದೆ ಆರಿ, 10 ಅಂಶದಿಂದ 4ಕ್ಕೆ ಇಳಿದಿತ್ತು.