ಚಿಟ್ಟೆಗೆ ವರ್ತಮಾನಕಾಲವಿಲ್ಲ: ಸೂತ್ರ, ವೃತ್ತಿ, ಪ್ರಯೋಗ ಸಹಿತ

13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ ಕನ್ನಡದ ಕ್ರಿಯಾಪದಕ್ಕೆ ಭೂತ, ಭವಿಷ್ಯತ್, ವರ್ತಮಾನ ಎಂದು ಮೂರು ಕಾಲಗಳನ್ನು ಧಾರಾಳವಾಗಿ ದಯಪಾಲಿಸಿದ. ಅಷ್ಟೆಲ್ಲ ಬೇಡ, ಭೂತ ಮತ್ತು ಭೂತವಲ್ಲದ್ದು ಎಂಬ ಎರಡೇ ಸಾಕು ಎಂದು ನಮ್ಮ ಕಾಲದಲ್ಲಿ ಡಿ. ಎನ್. ಶಂಕರ ಭಟ್ಟರು ವಾದಿಸಿದರು. ಕಳೆದ ಮೇ ತಿಂಗಳಲ್ಲಿ ತೀರ್ಥಹಳ್ಳಿ ಕಡೆಯ ಮಾವನ ಮನೆಯ ಹಿಂದಿನ ಹಳ್ಳದ ದಂಡೆಯಲ್ಲಿ ಮೂರು ಬೆಳಗು ಅಲೆದ ಅಧಿಕಾರದಿಂದ, ಉಳಿದ ಎರಡರಲ್ಲಿ ಇನ್ನೊಂದನ್ನೂ ಕಳೆಯಲು ಈ ಪ್ರಬಂಧ ಉದ್ಯುಕ್ತವಾಗಿದೆ.

ಸೂತ್ರ: ಚಿಟ್ಟೆಯೆಂಬ ಕರ್ತೃವಿಗೆ ‘ಇತ್ತು’ ಒಂದೇ ಕ್ರಿಯಾಪದ.

ವೃತ್ತಿ: ‘ಅಲ್ನೋಡು, ಚಿಟ್ಟೆ!’ ಎಂದು ಮಾವ ಕೂಗುವಾಗ ವಾಕ್ಯದಲ್ಲಿ ಚಿಟ್ಟೆಯ ಕ್ರಿಯಾಪದವೇ ಇರುವುದಿಲ್ಲ. ಕೇಳಿದವನು ಕತ್ತು ತಿರುಗಿಸುವ ಹೊತ್ತಿಗೆ ಅದು ಬಂದು ಸೇರುತ್ತದೆ: ‘ಇಲ್ಲೇ ಇತ್ತಲ್ಲೋ ಮಾರಾಯ.’ ಕಾರಣ ಚಿಟ್ಟೆಯ ಕಣ್ಣು. ಅದರಲ್ಲಿ ಸಾವಿರಾರು ಪುಟ್ಟ ಮಸೂರಗಳು. ನಿಮ್ಮ ಮುಖದ ಚೆಲುವು ಕಾಣದಿದ್ದರೂ ನೀವು ಅಲುಗಿದ್ದು ತಪ್ಪದೆ ಕಾಣುತ್ತದೆ. ಮುಂದಿನ ತಿರುವಿನ ಬಗ್ಗೆ ಮಾವ ‘ಅಲ್ಲಿ ಇದ್ದೀತು’ ಎನ್ನುತ್ತಿದ್ದದ್ದು ಕಾಲವಾಚಕವಲ್ಲ, ಬರೀ ಸಂಭಾವನೆ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಮೊದಲ ದಿನ ನಾವು ಆರಕ್ಕೇ ಹೊರಟಿದ್ದೆವು. ಹಕ್ಕಿ ನೋಡುವವರಿಂದ ಅಂಟಿದ ಚಾಳಿ. ಬಿಸಿಲಿಗೆ ರೆಕ್ಕೆಯೊಡ್ಡಿ ಹಾರುವ ಸ್ನಾಯು ಬೆಚ್ಚಗಾಗುವವರೆಗೂ ಚಿಟ್ಟೆ ಏಳುವುದಿಲ್ಲವಾದ್ದರಿಂದ ಎಂಟೂವರೆಯವರೆಗೂ ನಮಗೆ ದೊರೆತದ್ದು ‘ಇಲ್ಲ’ ಎಂಬ ನಿಷೇಧರೂಪ ಮಾತ್ರ. ತಲೆಗೆ ಟವೆಲು ಸುತ್ತಿದ್ದ ಮಾವ ಸಮಾಧಾನಕ್ಕೆಂದು ಉಂಬಳದ ಕಥೆ ಹೇಳಿದರು. ಉಂಬಳಕ್ಕಾದರೆ ವರ್ತಮಾನಕಾಲ ಗಟ್ಟಿಯಾಗಿಯೇ ಉಂಟು, ಕಾಲಿಗೆ ಹತ್ತಿ ಕುಳಿತಿರುತ್ತದೆ. ಆದರೆ ಮಳೆ ಬೀಳದೆ ಅದೂ ಹೊರಬರುವುದಿಲ್ಲ.

ಪ್ರಯೋಗ ಒಂದು. ಮೇ ತಿಂಗಳಲ್ಲಿ ಹಳ್ಳವೆಂದರೆ ಅಲ್ಲಲ್ಲಿ ಗುಂಡಿಯಲ್ಲಿ ನಿಂತ ನೀರು, ಸುತ್ತ ಒದ್ದೆ ಮರಳು. ದನ ನಿಂತು ಗಂಜಲ ಹೊಯ್ದ ಜಾಗದಲ್ಲಿ ಹದಿನೇಳು ಬ್ಲೂಬಾಟಲ್ ಚಿಟ್ಟೆಗಳು ರೆಕ್ಕೆ ಮಡಿಚಿ, ಸುರುಳಿ ನಾಲಿಗೆ ಬಿಚ್ಚಿ, ಉಪ್ಪು ಹೀರುತ್ತಿದ್ದವು. ಹೀಗೆ ಹೀರಲು ಕೂರುವವು ಹೆಚ್ಚಾಗಿ ಗಂಡುಗಳೇ. ಕೂಡುವಾಗ ಈ ಉಪ್ಪಿನಂಶವನ್ನು ಹೆಣ್ಣಿಗೆ ದಾಟಿಸುತ್ತವೆ, ಅದು ಮೊಟ್ಟೆಗೆ ಒದಗುತ್ತದೆ. ಮದುವೆಗೆ ಮುನ್ನ ಗಂಡಿನ ಕಡೆಯವರೇ ಉಪ್ಪು ಹೊಂದಿಸುವ ಈ ಪದ್ಧತಿಯ ಬಗ್ಗೆ ಬೇರೆ ಪ್ರಬಂಧವೇ ಬೇಕು. ಸದ್ಯಕ್ಕೆ, ಹದಿನೇಳೂ ಕದಲದೆ ಕುಳಿತಿದ್ದರಿಂದ ನನ್ನ ಸೂತ್ರಕ್ಕೆ ಗಂಡಾಂತರ ಬಂತು. ಮೊಣಕೈ ಊರಿ ತೆವಳಿದೆ. ಇನ್ನು ಎರಡು ಮೊಳ. ಕ್ಯಾಮೆರಾ ಎತ್ತಿದೆ, ನೆರಳು ಬಿತ್ತು. ಆ ಫೋಟೋ ಈಗಲೂ ನನ್ನ ಬಳಿಯಿದೆ: ಒದ್ದೆ ಮರಳು, ಒಂದು ಗೊರಸಿನ ಗುರುತು, ಎಡಮೂಲೆಯಲ್ಲಿ ಮಾವನ ಹವಾಯಿ ಚಪ್ಪಲಿ. ಸೂತ್ರ ಉಳಿಯಿತು.

ಪ್ರಯೋಗ ಎರಡು ಇನ್ನೂ ಸೂಕ್ಷ್ಮ. ತೋಟದಂಚಿನಲ್ಲಿ ಬಿದ್ದು ಕೊಳೆತ ಹಲಸಿನ ಹಣ್ಣಿನ ಮೇಲೆ ಒಂದು ಒಣ ಎಲೆ ಇತ್ತು. ನಡುನರವಿತ್ತು, ತೊಟ್ಟಿತ್ತು, ಹುಳ ಹಿಡಿದಂಥ ಚುಕ್ಕೆಗಳೂ ಇದ್ದವು. ‘ಎಲೆ ಇದೆ’ ಎಂದು ನಾನು ನಿಸ್ಸಂಶಯವಾಗಿ ವರ್ತಮಾನದಲ್ಲೇ ಹೇಳಿದೆ. ಆ ಎಲೆ ಎದ್ದು, ಒಳಗಿನ ನೀಲಿ ಪಟ್ಟೆಯನ್ನು ಒಮ್ಮೆ ತೋರಿಸಿ, ಬಿದಿರುಮೆಳೆಯೊಳಗೆ ಹೋಯಿತು. ಬ್ಲೂ ಓಕ್‌ಲೀಫ್. ಅಂದರೆ ಅದು ಎಲೆಯಾಗಿರುವಷ್ಟು ಹೊತ್ತು ‘ಇದೆ’, ಚಿಟ್ಟೆಯೆಂದು ತಿಳಿದ ಕ್ಷಣವೇ ‘ಇತ್ತು’. ಇದಕ್ಕಿಂತ ಸ್ವಚ್ಛವಾದ ಉದಾಹರಣೆ ಕೇಶಿರಾಜನಿಗೂ ಸಿಕ್ಕಿರಲಿಕ್ಕಿಲ್ಲ.

ರಾಜ್ಯದ ಚಿಟ್ಟೆಯೆಂಬ ಬಿರುದು ಹೊತ್ತ ಸದರ್ನ್ ಬರ್ಡ್‌ವಿಂಗ್ ಕೂಡ ಇದಕ್ಕೆ ಹೊರತಲ್ಲ. ಹದಿನಾಲ್ಕರಿಂದ ಹತ್ತೊಂಬತ್ತು ಸೆಂಟಿಮೀಟರ್ ರೆಕ್ಕೆಯಗಲ, ಕಪ್ಪಿನ ಜೊತೆ ಬಂಗಾರದ ಹಳದಿ. ಅಡಿಕೆಮರದ ತುದಿಯಲ್ಲೇ ತೇಲಿಕೊಂಡು ಹೋಯಿತು. ಸನ್ಮಾನ ಸಿಕ್ಕೂ ಶಾಲು ಹೊದೆಯಲು ಕೆಳಗಿಳಿಯದ ಇನ್ನೊಬ್ಬರನ್ನು ಈ ರಾಜ್ಯದಲ್ಲಿ ನಾನು ಕಂಡಿಲ್ಲ.

ಪೂರ್ವಪಕ್ಷದವರು ಕೇಳಬಹುದು: 1758ರಲ್ಲಿ ಲಿನೇಯಸ್ ಕಾಮನ್ ಮಾರ್ಮನ್ ಚಿಟ್ಟೆಗೆ ಪ್ಯಾಪಿಲಿಯೊ ಪಾಲಿಟಿಸ್ ಎಂದು ಹೆಸರಿಟ್ಟನಲ್ಲ, ಅವನೆದುರು ಅದು ‘ಇದೆ’ ಎನ್ನುವಂತಿರಲಿಲ್ಲವೇ? ಇತ್ತು. ಏಷ್ಯಾಕ್ಕೆ ಕಾಲಿಡದ ಆ ಸ್ವೀಡನ್ನಿನವನೆದುರು ಇದ್ದದ್ದು ಒಣಗಿಸಿಟ್ಟ ಚಿಟ್ಟೆ. ಗುಂಡುಸೂಜಿಯ ವರ್ತಮಾನವನ್ನು ವ್ಯಾಕರಣ ಒಪ್ಪುವುದಿಲ್ಲ. ಮಲೆನಾಡಿನಲ್ಲಿ ಜಗಲಿಯ ಕೂರುವ ಕಟ್ಟೆಗೂ ‘ಚಿಟ್ಟೆ’ ಎನ್ನುತ್ತಾರಲ್ಲ, ಅದು ಸದಾ ಇದೆಯಲ್ಲ ಎಂಬ ಆಕ್ಷೇಪ ಮಾವನದು. ಅವರು ಅದರ ಮೇಲೆ ಕುಳಿತೇ ಹೇಳಿದ್ದರಿಂದ ಪಕ್ಷಪಾತವೆಂದು ತಳ್ಳಿಹಾಕಿದ್ದೇನೆ.

ಮೂರನೆಯ ದಿನ ಮಧ್ಯಾಹ್ನ ಸಾರಿನ ಒಗ್ಗರಣೆಗೆ ಎಣ್ಣೆ ಕಾಯಲಿಟ್ಟು ಅತ್ತೆ ಹಿತ್ತಿಲಿಗೆ ಹೋದವರು ಅಲ್ಲಿಂದಲೇ ಕೂಗಿದರು: ‘ಹಳ್ಳ ಸುತ್ತಿ ಎಂತ ಸಿಕ್ತಾ ನಿಂಗೆ? ಇಲ್ಲಿ ಬಾ, ಕರಿಬೇವಲ್ಲಿ ಇದೆ.’

ಹೋದೆ. ಹಸಿರು ಹುಳ, ಕಿರುಬೆರಳಿನಷ್ಟು. ಅದೇ ಪಾಲಿಟಿಸಿನ ಮರಿ. ಪಕ್ಕದೆಲೆಯ ಮೇಲೆ ಅದರದ್ದೇ ಎಳೆಯ ತಮ್ಮ, ಥೇಟ್ ಹಕ್ಕಿಯ ಹಿಕ್ಕೆ. ಮುಟ್ಟಿದೆ, ನೆತ್ತಿಯಿಂದ ಕೆಂಪು ಕವಲುಕೊಂಬು ಚಾಚಿ ಮೂಗಿಗೆ ಘಾಟು ಹೊಡೆಸಿತು. ಆದರೆ ಹೋಗಲಿಲ್ಲ. ಕೊಂಬು ಒಳಗೆಳೆದುಕೊಂಡು, ಎಲೆಯ ಅಂಚನ್ನು ಮೇಲಿನಿಂದ ಕೆಳಗೆ ಮತ್ತೆ ಕತ್ತರಿಸತೊಡಗಿತು. ತಿನ್ನುತ್ತಾ ಇದೆ. ಅಪ್ಪಟ ವರ್ತಮಾನ, ಅದೂ ಮನೆಯಿಂದ ಹತ್ತು ಹೆಜ್ಜೆಗೆ. ಹುಳು ಚಿಟ್ಟೆಯಲ್ಲ ಎಂದು ವಾದಿಸಿ ಸೂತ್ರವನ್ನು ಉಳಿಸಿಕೊಳ್ಳುವ ದಾರಿಯೊಂದಿತ್ತು. ಆ ಟಿಪ್ಪಣಿಯನ್ನೇ ಮನಸ್ಸಿನಲ್ಲಿ ಬರೆಯುತ್ತಿದ್ದೆ.

‘ತೆಗೆದು ಬಿಸಾಡ್ಲಾ ಅತ್ತೆ?’

‘ಇರ್ಲಿ ಬಿಡು,’ ಎಂದು ಅತ್ತೆ ಆಚೆಯ ರೆಂಬೆಯಿಂದ ನಾಲ್ಕೆಸಳು ಕಿತ್ತುಕೊಂಡು ಒಳಗೆ ಹೋದರು. ವಿಧ್ಯರ್ಥಕ ರೂಪದ ಬಗ್ಗೆ ನಾನು ಏನೂ ತಯಾರಿ ಮಾಡಿಕೊಂಡು ಬಂದಿರಲಿಲ್ಲ.