ಗಗನ ಬೀಗರು

ನೀಲಗಿರಿಯ ನಮ್ಮ ಎಮರಾಲ್ಡ್‌ಗೂ ಕೆನಡಾಕ್ಕೂ ಹಳೆಯ ನಂಟಿದೆ. 1950ರ ದಶಕದಲ್ಲಿ ಕೊಲಂಬೊ ಯೋಜನೆಯಡಿ ಕುಂದಾ ಜಲವಿದ್ಯುತ್ ಯೋಜನೆಗೆ ಕೈಜೋಡಿಸಿದ್ದು ಕೆನಡಾ. ಆ ಯೋಜನೆಯಲ್ಲೇ ನಮ್ಮ ಕಣಿವೆಗೆ ಅಣೆಕಟ್ಟು ಬಂತು, ಪಕ್ಕದ ಅವಲಾಂಚೆಗೂ ಬಂತು. ಅಷ್ಟು ಭಾರದ ಯಂತ್ರಗಳು ಸಮುದ್ರ ದಾಟಿ, ಘಾಟ್ ಹತ್ತಿ, ಇಳಿಯಬೇಕಾದ ಕಡೆಯೇ ಇಳಿದವು ಎನ್ನುವುದಕ್ಕೆ ಕುಂದಾದಿಂದ ಇವತ್ತಿಗೂ ಬರುತ್ತಿರುವ ಕರೆಂಟೇ ಸಾಕ್ಷಿ. ಈಗ ಇಲ್ಲಿಂದ ಅಲ್ಲಿಗೆ ಇಪ್ಪತ್ಮೂರು ಕೆಜಿಯ ಒಂದು ಸೂಟ್‌ಕೇಸ್ ಕಳಿಸಿ ನೋಡಿ.

ಟೊರೊಂಟೊದಲ್ಲಿ ಮಗಳ ಬಾಣಂತನ, ಎಮರಾಲ್ಡ್ ಕಡೆಯ ಯಾವುದೋ ಹಟ್ಟಿಯ ಅಮ್ಮ ಹೊರಡಬೇಕು ಅಂತಿಟ್ಟುಕೊಳ್ಳಿ. ಕೊಯಮತ್ತೂರಿನಿಂದ ದೆಹಲಿಗೆ ಒಂದು ಕಂಪನಿಯ ವಿಮಾನ, ದೆಹಲಿಯಿಂದ ಫ್ರಾಂಕ್‌ಫರ್ಟ್‌ಗೆ ಇನ್ನೊಂದರದು, ಅಲ್ಲಿಂದ ಮುಂದಕ್ಕೆ ಮತ್ತೊಂದರದು. ಮೂರೂ ಪಾಲುದಾರ ಕಂಪನಿಗಳು. ಮಗಳು ಫೋನಿನಲ್ಲಿ ಧೈರ್ಯ ಹೇಳುತ್ತಾಳೆ: “ಎಲ್ಲಾ ಒಂದೇ ಟಿಕೆಟ್ ಅಮ್ಮಾ. ಲಗೇಜು ನೇರ ಇಲ್ಲಿಗೇ ಬರುತ್ತೆ. ನೀನು ಕೈ ಬೀಸಿಕೊಂಡು ಬಾ.” ಕೈ ಬೀಸಿಕೊಂಡು ಬರುವ ಭಾಗವಂತೂ ಅಕ್ಷರಶಃ ನಿಜವಾಗುವ ಸಾಧ್ಯತೆ ಇದೆ.

ಪಾಲುದಾರ ಕಂಪನಿಗಳೆಂದರೆ ಯಾರು? ನನ್ನ ಲೆಕ್ಕದಲ್ಲಿ ಬೀಗರು. 1997ರಲ್ಲಿ ಐದು ಮನೆತನಗಳು ಸೇರಿ ಸ್ಟಾರ್ ಅಲಯನ್ಸ್ ಕಟ್ಟಿದವು. ಎರಡು ವರ್ಷಕ್ಕೆ ಒನ್‌ವರ್ಲ್ಡ್, ಮರುವರ್ಷ ಸ್ಕೈಟೀಮ್. ಅಲ್ಲಿಂದ ಆಕಾಶದಲ್ಲೆಲ್ಲ ಸಂಬಂಧ ಕುದುರಿಸುವುದೇ ಕೆಲಸ. ನಮ್ಮ ಏರ್ ಇಂಡಿಯಾಕ್ಕೆ ಸ್ಟಾರ್ ಮನೆಯಿಂದ ಕರೆ ಬಂದದ್ದು 2007ರಲ್ಲಿ, ನಡುವೆ 2011ರಲ್ಲಿ ಮಾತು ಮುರಿದು, ಹೊಸಿಲು ದಾಟಿದ್ದು 2014ರ ಜುಲೈಯಲ್ಲಿ. ಅಷ್ಟುದ್ದದ ನಿಶ್ಚಿತಾರ್ಥ ನಮ್ಮ ಯಾವ ಊರಿನಲ್ಲೂ ನಡೆದಿಲ್ಲ. ಬೆಂಗಳೂರಿನ ಯುಬಿ ಮನೆತನದ ಕಿಂಗ್‌ಫಿಷರ್‌ನದು ಇನ್ನೂ ದಾರುಣ. 2012ರ ಫೆಬ್ರವರಿ 10ಕ್ಕೆ ಒನ್‌ವರ್ಲ್ಡ್ ಜತೆ ಮುಹೂರ್ತ ಇಟ್ಟಾಗಿತ್ತು. ವಾರ ಇರುವಾಗ ಬೀಗರು “ಸದ್ಯಕ್ಕೆ ಬೇಡ” ಎಂದರು. ಅಕ್ಟೋಬರ್ ಹೊತ್ತಿಗೆ ವರನೇ ಮಂಟಪದಲ್ಲಿ ಕುಸಿದು ಕೂತಿದ್ದ. ಬೀಗರಿಗೆ ಮೂಗು ಚುರುಕು. ಬಾಕಿಯ ವಾಸನೆ ಸಾಲ ಕೊಟ್ಟವರಿಗಿಂತ ಮೊದಲು ಅವರಿಗೆ ತಗುಲುತ್ತದೆ.

ಟಿಕೆಟ್ ಮಾರುವಾಗ ಇವರ ಅನ್ಯೋನ್ಯ ನೋಡಬೇಕು. ಒಬ್ಬರ ವಿಮಾನಕ್ಕೆ ಇನ್ನೊಬ್ಬರ ನಂಬರು. ನೀವು ದುಡ್ಡು ಕೊಟ್ಟದ್ದು ನೀಲಿ ಬಾಲದ ಕಂಪನಿಗೆ, ಬಾಗಿಲಲ್ಲಿ ಕೈಮುಗಿಯುವುದು ಕೆಂಪು ಬಾಲದ ಕಂಪನಿ. ಯಾರ ವಿಮಾನ ಎಂಬ ಸತ್ಯ ಟಿಕೆಟ್ಟಿನ ಕೆಳಗೆ, ಕನ್ನಡಕ ಹಾಕಿದರೂ ಕಾಣದ ಅಕ್ಷರದಲ್ಲಿ ಇರುತ್ತದೆ. ಹದಿಮೂರು ಅಂಕಿಯ ಟಿಕೆಟ್ ನಂಬರು ಒಂದೇ ಹೌದು. ಆದರೆ ಪಿಎನ್‌ಆರ್ ಒಬ್ಬೊಬ್ಬರದು ಒಂದೊಂದು. ಮೊದಲ ಕಂಪನಿಯ ಪಿಎನ್‌ಆರ್ ಅನ್ನು ಮೂರನೆಯದರ ಆ್ಯಪ್‌ಗೆ ಹಾಕಿದರೆ “ಅಂಥ ಪ್ರಯಾಣಿಕರಿಲ್ಲ” ಎನ್ನುತ್ತದೆ. ಸೀಟು ಬೇಕಾದರೆ ಅವರನ್ನು ಕೇಳಿ, ಊಟ ಬೇಕಾದರೆ ಇವರನ್ನು. ವೀಲ್‌ಚೇರ್ ಮಾತ್ರ ಮೂವರ ಬಳಿಯೂ ಒಂದೊಂದು ಸಲ ಖಚಿತ ಮಾಡಿಕೊಳ್ಳುವುದು ಕ್ಷೇಮ.

ಹೆಸರಿನ ಕತೆ ಬೇರೆ. ನಮ್ಮ ಕಡೆ ಅಮ್ಮಂದಿರಿಗೆ ಇನಿಶಿಯಲ್ ಇರುತ್ತದೆ, ಸರ್‌ನೇಮ್ ಎಂಬ ಬಾಲ ಇರುವುದಿಲ್ಲ. ಕಂಪ್ಯೂಟರಿಗೆ ಬಾಲ ಬೇಕೇ ಬೇಕು. ಒಬ್ಬರು ಇದ್ದ ಹೆಸರನ್ನೇ ಎರಡು ಸಲ ಬರೆಯುತ್ತಾರೆ, ಇನ್ನೊಬ್ಬರು ಹೆಸರಿಗೆ ‘ಮಿಸೆಸ್’ ಅಂಟಿಸಿ ಒಂದೇ ಪದ ಮಾಡುತ್ತಾರೆ. ಎಪ್ಪತ್ತು ವರ್ಷ ಒಂದೇ ಹೆಸರಿನಲ್ಲಿ ಬಾಳಿದ ಹೆಂಗಸು ದೆಹಲಿ ದಾಟುವಷ್ಟರಲ್ಲಿ ಮೂವರಾಗಿರುತ್ತಾರೆ, ಕೂರಲು ಸೀಟು ಮಾತ್ರ ಒಂದು.

ಇನ್ನು ಕರಾರಿನಲ್ಲಿ ಅಡಗಿರುವ ರತ್ನ. ಟಿಕೆಟ್ಟಿನ ಒಂದೊಂದು ಹಾರಾಟಕ್ಕೆ ಒಂದೊಂದು ಕೂಪನ್, ಅವನ್ನು ಸಾಲಾಗಿಯೇ ಬಳಸಬೇಕು. ಮೊದಲನೆಯದಕ್ಕೆ ಹಾಜರಾಗದಿದ್ದರೆ ಮಿಕ್ಕವೆಲ್ಲ ರದ್ದು, ಆರು ತಿಂಗಳ ನಂತರದ ವಾಪಸ್ ಪ್ರಯಾಣವೂ ಸೇರಿ. ಮೈದಾನದವರಿಗೆ ಇದು ಬರಿಯ ನಿಯಮ, ಬೆಟ್ಟದವರಿಗೆ ಜೂಜು. ಎಮರಾಲ್ಡ್‌ನಿಂದ ಊಟಿಗೆ ಬಸ್ಸು, ಊಟಿಯಿಂದ ಕೂನೂರು, ಬರ್ಲಿಯಾರ್, ಮೇಟ್ಟುಪಾಳಯಂ, ಆಮೇಲೆ ಕೊಯಮತ್ತೂರು. ಐಪ್ಪಸಿ ತಿಂಗಳ ಮಳೆಗೆ ಬರ್ಲಿಯಾರ್ ಬಳಿ ಗುಡ್ಡ ಜಾರಿದರೆ, ಮೇ ತಿಂಗಳ ಸೀಸನ್ನಿನಲ್ಲಿ ಒನ್‌ವೇ ಮಾಡಿ ಇಳಿಯುವವರನ್ನೆಲ್ಲ ಕೋತಗಿರಿ ಕಡೆ ತಿರುಗಿಸಿದರೆ, ಕರೆದೊಯ್ಯಲು ಬೆಂಗಳೂರಿನಿಂದ ಬಂದ ಅಳಿಯನ ಕಾರು ನೀಲಗಿರಿಗೆ ಬರಲು ಬೇಕಾದ ಇ-ಪಾಸ್ ತೋರಿಸಲಾಗದೆ ಚೆಕ್‌ಪೋಸ್ಟಿನಲ್ಲಿ ನಿಂತುಬಿಟ್ಟರೆ, ಅಲ್ಲಿಗೆ ಟೊರೊಂಟೊ ಮುಗಿಯಿತು. ಅಳಿಯ ಜಾಣತನ ಮಾಡಿ ಬಂಡೀಪುರದ ಮೇಲೆ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೇ ಕರೆದೊಯ್ಯುತ್ತೇನೆ ಎಂದರೆ ರಾತ್ರಿ ಒಂಬತ್ತಕ್ಕೆ ಕಾಡಿನ ಗೇಟು ಬೀಳುತ್ತದೆ. 2009ರಿಂದ ಇದೇ ಕಟ್ಟಳೆ. ಬೆಳಗಿನ ಆರರವರೆಗೆ ಆ ದಾರಿಯಲ್ಲಿ ಆನೆಗಳಿಗೆ ಮಾತ್ರ ಕನೆಕ್ಟಿಂಗ್ ಸೌಲಭ್ಯ. ಹೇಗೋ ಏನೋ ದೆಹಲಿಗೇ ಹೋಗಿ ಎರಡನೇ ವಿಮಾನ ಹತ್ತುತ್ತೇನೆ ಎಂದರೂ ಬಿಡುವುದಿಲ್ಲ. ಸೀಟು ಖಾಲಿ ಇದೆ, ದುಡ್ಡು ಸಂದಾಗಿದೆ, ಪ್ರಯಾಣಿಕರು ಕಣ್ಣೆದುರಿಗೇ ನಿಂತಿದ್ದಾರೆ. ಆದರೆ ಅವರು ಬಂದಿಲ್ಲ ಎಂದು ಕಂಪ್ಯೂಟರ್ ಹೇಳಿದೆ!

ಇದೇ ಘಾಟಿನ ಬುಡದಲ್ಲಿ, ಮೇಟ್ಟುಪಾಳಯಂನಲ್ಲಿ, ಬೇರೆ ದೃಶ್ಯವಿದೆ. ರಾತ್ರಿ ಚೆನ್ನೈ ಬಿಟ್ಟ ನೀಲಗಿರಿ ಎಕ್ಸ್‌ಪ್ರೆಸ್ ಬೆಳಗ್ಗೆ ಬಂದು ನಿಂತರೆ, ಏಳೂ ಹತ್ತಕ್ಕೆ ಬೆಟ್ಟದ ರೈಲು ಹೊರಡುತ್ತದೆ. ಒಂದು ಬ್ರಾಡ್‌ಗೇಜ್, ಇನ್ನೊಂದು ಮೀಟರ್‌ಗೇಜ್; ಹಳಿಯ ಅಗಲದಲ್ಲೇ ಹೊಂದಾಣಿಕೆ ಇಲ್ಲ. ಆದರೂ ಕೂನೂರಿಗೆ 1899ರಿಂದ, ಊಟಿಗೆ 1908ರಿಂದ ಜನರನ್ನು ಹತ್ತಿಸುತ್ತಿರುವ ಈ ಮುದಿ ರೈಲಿಗೆ ‘ಗ್ಲೋಬಲ್ ಪಾರ್ಟ್‌ನರ್’ ಎಂಬ ಬಿರುದು ಬೇಕಾಗಿಲ್ಲ. ರೈಲ್ವೆಯನ್ನು ಬೈಯದ ಭಾರತೀಯ ಹುಟ್ಟಿಲ್ಲ, ಅದೂ ಅನ್ಯಾಯವಲ್ಲ ಬಿಡಿ. ಆದರೆ 2019ರ ಏಪ್ರಿಲ್‌ನಿಂದ ಎರಡು ಪಿಎನ್‌ಆರ್‌ಗಳನ್ನು ಜೋಡಿಸಿಕೊಳ್ಳಲು ಅದು ಬಿಟ್ಟಿದೆ. ಮೊದಲ ರೈಲಿನ ತಡದಿಂದ ಎರಡನೆಯದು ತಪ್ಪಿದರೆ ಆ ಭಾಗದ ದುಡ್ಡು ಕಡಿತವಿಲ್ಲದೆ ವಾಪಸ್.

ಹಾಗೆಂದು ಬೇರೆ ಬೇರೆ ಟಿಕೆಟ್ ತೆಗೆಯಿರಿ ಎನ್ನುತ್ತಿಲ್ಲ. ಖಂಡಿತ ಬೇಡ. ಕೆಲವು ವೆಬ್‌ಸೈಟುಗಳು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಟಿಕೆಟ್‌ಗಳನ್ನು ಒಂದೇ ಪುಟದಲ್ಲಿ, ಒಂದೇ ಬೆಲೆಯಲ್ಲಿ ತೋರಿಸಿ ‘ಸೆಲ್ಫ್ ಟ್ರಾನ್ಸ್‌ಫರ್’ ಎಂದು ಮೂಲೆಯಲ್ಲಿ ಬರೆದಿರುತ್ತವೆ. ಅರ್ಥ ಇಷ್ಟೇ: ನಡುದಾರಿಯಲ್ಲಿ ಸೂಟ್‌ಕೇಸ್ ನೀವೇ ಎತ್ತಿಕೊಳ್ಳಿ, ವೀಸಾ ನೀವೇ ನೋಡಿಕೊಳ್ಳಿ, ವಿಮಾನ ತಪ್ಪಿದರೆ ನೀವೇ ಅಳಿ. ಈ ಅನಾಥತನಕ್ಕಿಂತ ಜಗಳಗಂಟ ಬೀಗರ ಮನೆಯೇ ವಾಸಿ. ವಿಮಾನ ತಡವಾಗಿ ಮುಂದಿನದು ತಪ್ಪಿದರೆ ಒಂದೇ ಟಿಕೆಟ್ಟಿನವರನ್ನು ಕೊನೆಯ ಊರಿನವರೆಗೆ ಮುಟ್ಟಿಸುವ ಹೊಣೆಯಾದರೂ ಅವರ ತಲೆಗೆ ಇದೆ.

ಆದರೆ ಹೊಣೆ ಯಾರ ತಲೆಗೆ ಎಂಬುದನ್ನು ಪತ್ತೆ ಮಾಡಲು ಜನ್ಮ ಬೇಕು. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಲು 45 ನಿಮಿಷ ಸಾಕೆಂದು ಪಟ್ಟಿ ಹೇಳುತ್ತದೆ. ಆ ಪಟ್ಟಿ ಬರೆದವನ ಮೊಣಕಾಲು ಗಟ್ಟಿಯಿರಬೇಕು. ಅಮ್ಮ ಹೇಗೋ ಹತ್ತಿದರು, ಸೂಟ್‌ಕೇಸ್ ಹತ್ತಲಿಲ್ಲ. ಟೊರೊಂಟೊದ ಕೌಂಟರಿನಲ್ಲಿ ಕೇಳಿದರೆ, “ನಾವು ಕೊನೆಯವರು ಮೇಡಂ, ನಮಗೆ ಕೊಟ್ಟಿದ್ದರೆ ತರುತ್ತಿದ್ದೆವು.” ನಡುವಿನವರಿಗೆ ಫೋನ್ ಮಾಡಿದರೆ, “ದೂರು ಕೊನೆಯವರ ಹತ್ತಿರ ಕೊಡಿ.” ಮೊದಲನೆಯವರು, “ಟಿಕೆಟ್ ಮಾತ್ರ ನಮ್ಮದು.” ಸೂಟ್‌ಕೇಸಿನೊಳಗೆ ಬಾಣಂತಿ ಲೇಹ್ಯ, ಒಣ ಅವರೆ, ಮೊಮ್ಮಗುವಿನ ಟೋಪಿ, ಒಂದು ಡಬ್ಬ ಊಟಿ ವರ್ಕಿ. “ಬೆಲೆ ಎಷ್ಟಾಗಬಹುದು ಮೇಡಂ, ರಸೀದಿ ಇದೆಯೇ?”

ಕಾನೂನು ಈ ನಾಟಕಕ್ಕೆ ಎಂದೋ ತೆರೆ ಎಳೆದಿದೆ, ಕೌಂಟರಿನವರಿಗೆ ಮಾತ್ರ ಸುದ್ದಿ ಮುಟ್ಟಿಲ್ಲ. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿತು. ಅದರ 36ನೇ ವಿಧಿಯ ಪ್ರಕಾರ ಲಗೇಜಿನ ವಿಷಯದಲ್ಲಿ ಮೊದಲ ಕಂಪನಿಯನ್ನೂ ಹಿಡಿಯಬಹುದು, ಕೊನೆಯದನ್ನೂ ಹಿಡಿಯಬಹುದು, ಯಾರ ಕೈಯಲ್ಲಿ ಕಳೆಯಿತೋ ಅವರನ್ನೂ ಹಿಡಿಯಬಹುದು, ಒಬ್ಬರಿಗೊಬ್ಬರು ಜವಾಬ್ದಾರರು. ತಡವಾಗಿ ಬಂದ ಲಗೇಜಿಗೆ ಕೈಸೇರಿದ 21 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು, ಒಡೆದು ಬಂದಿದ್ದರೆ ಏಳೇ ದಿನ. ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಹಣ), ಅಂದರೆ ಒಂದೂಮುಕ್ಕಾಲು ಲಕ್ಷ ರೂಪಾಯಿಯ ಆಸುಪಾಸು.

ತಡದ ವಿಷಯದಲ್ಲೂ ಹೀಗೇ. ಯುರೋಪಿನಲ್ಲಿ ಹನ್ನೊಂದು ಮಂದಿ ಪ್ರಾಗ್‌ನಿಂದ ಅಬುಧಾಬಿ ಮೇಲೆ ಬ್ಯಾಂಕಾಕ್‌ಗೆ ಜೆಕ್ ಏರ್‌ಲೈನ್ಸ್‌ನಲ್ಲಿ ಟಿಕೆಟ್ ಮಾಡಿಸಿದ್ದರು. ಜೆಕ್ ವಿಮಾನ ಸಮಯಕ್ಕೆ ಮುಟ್ಟಿಸಿತು, ಎರಡನೇ ತುಂಡು ಹಾರಿಸಿದ ಎತಿಹಾದ್ ಎಂಟು ಗಂಟೆಗೂ ಹೆಚ್ಚು ತಡ ಮಾಡಿತು. “ತಡ ನಮ್ಮದಲ್ಲ” ಎಂದರು ಜೆಕ್‌ನವರು. 2019ರ ಜುಲೈಯಲ್ಲಿ ಯುರೋಪಿನ ನ್ಯಾಯಾಲಯ ಆ ಮಾತು ಕೇಳಲಿಲ್ಲ: ಟಿಕೆಟ್ ಒಂದು, ಪ್ರಯಾಣ ಒಂದು, ಪರಿಹಾರ ನೀವೇ ಕೊಡಿ, ಆಮೇಲೆ ಬೀಗರ ಹತ್ತಿರ ವಸೂಲಿ ಮಾಡಿಕೊಳ್ಳಿ.

ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೂಡ ಕೈಕಟ್ಟಿ ಕೂತಿಲ್ಲ. ವಿಮಾನ ರದ್ದಾಗಿ ಅದೇ ಟಿಕೆಟ್ಟಿನ ಮುಂದಿನ ವಿಮಾನ ತಪ್ಪಿದವರಿಗೂ ಪರಿಹಾರ ಬರೆದಿಟ್ಟಿದೆ: ಹೆಚ್ಚೆಂದರೆ 10,000 ರೂಪಾಯಿ, ಇಲ್ಲವೇ ಮೂಲ ಟಿಕೆಟ್ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಕೊಡುವ ಕೈ ನಡುಗದಿರಲಿ ಎಂದು ‘ಕಡಿಮೆ’ ಎಂಬ ಶಬ್ದವನ್ನು ಎಷ್ಟು ಮಮತೆಯಿಂದ ಸೇರಿಸಿದ್ದಾರೆ ನೋಡಿ. ಮಂಜು, ಮಳೆ, ಗಾಳಿ ಇದ್ದರೆ ಅದೂ ಇಲ್ಲ.

ಮಗಳು ಕಾನೂನಿನ ವಿಧಿ ಬರೆದು ಮೂವರಿಗೂ ಮೇಲ್ ಕಳಿಸುತ್ತಾಳೆ. ಆಗ ಮೂವರೂ ಕೂಡಿ ಅಪರೂಪಕ್ಕೊಂದು ಒಮ್ಮತಕ್ಕೆ ಬರುತ್ತಾರೆ: ದುಡ್ಡಿನ ಬದಲು ಅಮ್ಮನಿಗೆ ಐದು ಸಾವಿರ ಮೈಲಿ. ಕೊಯಮತ್ತೂರಿಗೆ ಬಾರದ ನಾಲ್ಕನೇ ಪಾಲುದಾರನ ವಿಮಾನದಲ್ಲಿ, ಹಬ್ಬ ಮತ್ತು ರಜಾದಿನಗಳನ್ನು ಬಿಟ್ಟು, ಸೀಟು ಉಳಿದಿದ್ದರೆ ಬಳಸಬಹುದು.